ಕರಗಿದ ಲಿಂಗ

ಕಾರಿನ ಬಾಗಿಲು ತೆಗೆದದ್ದೇ ತಡ, ಭಟ್ಟಿಯ ಬಾಯಿ ತೆರೆದಂತೆ ಬಿಸಿ ರೂಪಾಳ ಮುಖಕ್ಕೆ ರಾಚಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಬೆಳ್ಳಿ ಕರಡಿಗೆಯನ್ನು ಎತ್ತಿಕೊಳ್ಳಲು ಹೋಗಿ ಬೆರಳು ಸುಟ್ಟುಕೊಂಡಳು. ಓಢಣಿಯ ತುದಿಯಲ್ಲಿ ಹಿಡಿದು ಎತ್ತಿದಾಗ ಅದರ ಸಂದಿನಿಂದ ಕಪ್ಪನೆಯದೇನೋ ತೊಟ್ಟಿಕ್ಕಿತು. ಅಲ್ಲಿ ಅಂಟಿಸಿದ್ದ ಪುಟ್ಟ ನಂದಿಯ ಕಾಲ ಬುಡದಲ್ಲಿ ಆಗಲೇ ನಾಲ್ಕಾಣೆ ಅಗಲದ ಕಪ್ಪು ಮಡುಗಟ್ಟಿತ್ತು.

ಮೊದಲು ಎಂಜಿನ್ ಆಯಿಲ್ ಅಂದುಕೊಂಡಳು. ಆಮೇಲೆ ಕರಡಿಗೆಯ ಮುಚ್ಚಳ ತಿರುವಿದಳು.

ಒಳಗೆ ಲಿಂಗ ಇರಲಿಲ್ಲ. ಲಿಂಗಕ್ಕೆ ಸುತ್ತಿದ್ದ ಬಿಳಿ ವಸ್ತ್ರ ಕಪ್ಪು ಜಿಡ್ಡಿನಲ್ಲಿ ನೆನೆದು ಮುದ್ದೆಯಾಗಿತ್ತು. ಆ ಮುದ್ದೆಯ ನಡುವೆ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಒಂದು ಕಂದು ಕಲ್ಲು. ಪೂಜೆಯ ಹೊತ್ತಿನಲ್ಲಿ ದೂರದಿಂದ ಕಂಡಿದ್ದ, ನೇರಳೆಹಣ್ಣಿನಂತೆ ನುಣ್ಣಗೆ, ಕಪ್ಪಗೆ, ಮಿರಿಮಿರಿ ಮಿಂಚುತ್ತಿದ್ದ ಅತ್ತೆಯ ಇಷ್ಟಲಿಂಗ ತಾಸೊಪ್ಪತ್ತಿನಲ್ಲಿ ಕರಗಿ ಹೋಗಿತ್ತು.

ಪಾರ್ಕಿಂಗಿನ ಹುಡುಗಿಯೊಬ್ಬಳು ಸ್ಕೂಟಿ ತೆಗೆಯಲು ಜಾಗ ಕೇಳಿದ್ದೂ ರೂಪಾಗೆ ಕೇಳಿಸಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು: ನಾನು ಅತ್ತೆಯ ದೇವರನ್ನು ಕೊಂದೆ. ಇನ್ನು ಅತ್ತೆ ಉಳಿಯುವುದಿಲ್ಲ.

ಇದು ಸುಮ್ಮನೆ ಹೆದರಿಕೆಯ ಮಾತಾಗಿರಲಿಲ್ಲ. ಅತ್ತೆ ಶಾಂತಾಬಾಯಿಯ ಕೊರಳಿಂದ ಆ ಲಿಂಗ ಇಳಿದದ್ದನ್ನು ರೂಪಾ ಮದುವೆಯಾಗಿ ಬಂದ ಆರು ವರ್ಷಗಳಲ್ಲಿ ಕಂಡವಳಲ್ಲ. ಜಳಕದಲ್ಲೂ ಮೈಮೇಲೆ, ನಿದ್ದೆಯಲ್ಲೂ ಮೈಮೇಲೆ. ಬೆಳಗ್ಗೆ ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುವ ಅರ್ಧ ತಾಸು ಮಾತ್ರ ಹೊರಗೆ. ಲಿಂಗ ಮೈಮೇಲಿಲ್ಲದೆ ಹನಿ ನೀರೂ ಗಂಟಲಿಗೆ ಇಳಿಯಕೂಡದು. ಲಿಂಗ ಕಳಕೊಂಡವರು ಪ್ರಾಣ ಬಿಡಬೇಕು ಎಂದು ಹಿಂದಿನವರು ಹೇಳುತ್ತಿದ್ದರು. ಈಗ ಯಾರೂ ಬಿಡುವುದಿಲ್ಲ. ಮಠಕ್ಕೆ ಹೋಗಿ ಇನ್ನೊಂದು ಕಟ್ಟಿಸಿಕೊಂಡು ಬರುತ್ತಾರೆ. ರೂಪಾಳದ್ದಂತೂ ನಾಶಿಕದ ಮನೆಯ ಕಪಾಟಿನಲ್ಲಿ, ಬಳೆ ಡಬ್ಬಿಯಲ್ಲಿ ಇತ್ತು. ಆದರೆ ಶಾಂತಾಬಾಯಿ ಈಗಿನವಳಲ್ಲ. ಭಾಲ್ಕಿ ಸೀಮೆಯ ಹೆಣ್ಣು. ಅರವತ್ತೆರಡು ವಯಸ್ಸಾದರೂ ಒಂದು ಸಲ ಇಲ್ಲ ಅಂದರೆ ಇಲ್ಲವೇ.

ನಾಶಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಬಂದು ಹದಿನೈದು ದಿನ ಆಗಿತ್ತು. ಬ್ಯಾಂಕಿನಲ್ಲಿ ರೂಪಾಗೆ ಬಡ್ತಿ ಸಿಕ್ಕಿತ್ತು, ಬಡ್ತಿಯ ಜೊತೆಗೇ ವರ್ಗ. ಗಂಡ ಅಮರ ನಾಶಿಕದಲ್ಲೇ, ಅಂಬಡದ ಫ್ಯಾಕ್ಟರಿಯಲ್ಲಿ ಪಾಳಿ ಬಿಟ್ಟು ಬರುವಂತಿರಲಿಲ್ಲ. ‘ಹೊಸ ಊರಾಗ ಹೆಣ್ಮಗಳು ಒಬ್ಬಾಕಿ ಹ್ಯಾಂಗ ಇರ್ತಾಳ’ ಎಂದು ಅತ್ತೆ ಮಾವ ಇಬ್ಬರೂ ಗಂಟು ಕಟ್ಟಿದ್ದರು. ಇಪ್ಪತ್ತೆರಡು ವರ್ಷ ಬದುಕಿದ ಊರು, ದಿನಾ ನೀರು ಬರುವ ನಲ್ಲಿ, ಗುರುತಿನ ಕಾಯಿಪಲ್ಲೆಯವಳು, ಎಲ್ಲ ಬಿಟ್ಟು ಬಂದ ಶಾಂತಾಬಾಯಿ ಟೆಂಪೋದಲ್ಲಿ ಕೂತು ಒಂದೇ ಒಂದು ಚುಚ್ಚು ಮಾತು ಆಡಿದ್ದಳು: "ಹಿಂದಕ ಸೊಸಿ ಗಂಡನ ಬೆನ್ನ ಹತ್ತಿ ಬರ್ತಿದ್ಳು. ಈಗ ಅತ್ತಿ ಮಾವ ಸೊಸಿ ಬೆನ್ನ ಹತ್ತಿ. ಇರಲಿ, ಕಾಲಾ ಅದ."

ಈ ಊರಿನ ಮೇ ತಿಂಗಳು ಆಕೆಗೆ ಒಗ್ಗಲಿಲ್ಲ. ಮೊನ್ನೆ ಅಡಿಗೆಮನೆಯಲ್ಲಿ ಕಣ್ಣು ಕತ್ತಲೆ ಬಂದು ಕಟ್ಟೆ ಹಿಡಿದು ಕುಸಿದಿದ್ದಳು. ಡಾಕ್ಟರು ಬಿ.ಪಿ. ನೋಡಿ, ತಲೆಯ ಎಂ.ಆರ್.ಐ. ಮಾಡಿಸಿ ಅಂದರು. ಜೊತೆಗೆ ಒಂದು ಎಚ್ಚರಿಕೆ ಕೊಟ್ಟರು: ಮೈಯಲ್ಲಿ ನೀರು ಕಡಿಮೆಯಾಗಬಾರದು, ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ.

ಸ್ಕ್ಯಾನ್ ಸೆಂಟರಿನ ಹುಡುಗ ಮರಾಠಿಯಲ್ಲಿ, "ಮಾವಶಿ, ಗಳ್ಯಾತಲಂ ಕಾಢಾ," ಎಂದು ಕೊರಳು ತೋರಿಸಿದ್ದ.

"ಪ್ರಾಣ ತೆಗೀ ಅಂದ್ರ ತೆಗಿತೀನಿ, ಇದು ತೆಗ್ಯಾಂಗಿಲ್ಲ ಅಂತ ಹೇಳು ಆ ಹುಡುಗಗ," ಎಂದಿದ್ದಳು ಶಾಂತಾಬಾಯಿ.

"ಅತ್ತಿ, ಒಳಗ ದೊಡ್ಡ ಚುಂಬಕ ಇರ್ತದರಿ. ಬೆಳ್ಳಿ ಬಂಗಾರ ಏನೂ ನಡ್ಯಾಂಗಿಲ್ಲ. ಇಪ್ಪತ್ತು ಮಿನಿಟು ಅಷ್ಟೇ."

ಕಡೆಗೆ ಆಕೆ ತಾನೇ ದಾರ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಸೊಸೆಯ ಕೊರಳಿಗೆ ಹಾಕಿದ್ದಳು. "ಕೆಳಗ ಇಡಬ್ಯಾಡ. ಯಾರ ಕೈಯಾಗೂ ಕೊಡಬ್ಯಾಡ."

ಇಪ್ಪತ್ತು ಮಿನಿಟು ಎರಡು ತಾಸಾಯಿತು. ಮೊದಲು ಸರದಿ ತಡವಾಯಿತು. ಆಮೇಲೆ ಮಶೀನಿನ ಸದ್ದಿಗೆ ಶಾಂತಾಬಾಯಿ ಹೆದರಿ ಎದ್ದುಬಿಟ್ಟಳು. ‘ನೀವೂ ಒಳಗೆ ಬಂದು ಅವರ ಕಾಲು ಹಿಡಕೊಂಡು ಕೂಡಿ, ಆದರೆ ನಿಮ್ಮ ಮೈಮೇಲೂ ಏನೂ ಇರಬಾರದು’ ಎಂದ ಹುಡುಗ. ಅವನು ತೋರಿಸಿದ ಕಪಾಟಿನೊಳಗೆ ಚರ್ಮದ ಬೆಲ್ಟು, ಪಾಕೀಟು, ಯಾರದೋ ಚಪ್ಪಲಿ. ಅದರೊಳಗೆ ಲಿಂಗ ಇಡುವುದು ಹೇಗೆ? ರೂಪಾ ಕೊರಳಿಗೆ ಲಿಂಗ ಕಟ್ಟುವವಳಲ್ಲ, ಆದರೆ ಲಿಂಗವಂತರ ಮನೆಯ ಮಗಳು. ಚರ್ಮದ ಜೊತೆ ಇಡಲು ಕೈ ಬರಲಿಲ್ಲ. ಓಡಿಹೋಗಿ ಕಾರಿನಲ್ಲಿ, ಇದ್ದುದರಲ್ಲಿ ಮಡಿಯಾದ ಜಾಗ ಎಂದು ನಂದಿಯ ಮುಂದೆ ಇಟ್ಟು ಬಂದಿದ್ದಳು. ಗಾಜಿನ ಕೆಳಗೆ, ನಡುಹಗಲ ಬಿಸಿಲಿಗೆ. ಹೊರಗೇ ನಲವತ್ತೆರಡು ಡಿಗ್ರಿ ಇತ್ತು.

ಈಗ ಆ ಕರಡಿಗೆಯನ್ನು ಓಢಣಿಯಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತುರುಕಿ, ನಂದಿಯ ಕಾಲ ಬುಡದ ಕಪ್ಪನ್ನು ಹಳೆಯ ಪೇಪರಿನಿಂದ ಒರೆಸಿ, ಅತ್ತೆಯನ್ನು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿದಳು.

"ರೂಪಾ, ತಾ," ಎಂದಳು ಶಾಂತಾಬಾಯಿ, ಕೂತ ಕೂಡಲೇ ಕೈ ಚಾಚಿ.

"ಮನಿಗಿ ಹೋಗಿ ಕೊಡ್ತೀನ್ರಿ ಅತ್ತಿ. ಬಿಸಿಲಿಗಿ ಕಾದು ಕೆಂಡ ಆಗೇದ."

"ಆಗ್ಲಿ. ಸುಟ್ರ ಸುಡಾದು ನನ್ನ ಎದಿ. ತಾ."

"ಗಾಡಿ ನಡಸ್ಲತ್ತೀನ್ರಿ, ಹತ್ತು ಮಿನಿಟು ತಡೀರಿ."

"ನಿಲ್ಲಿಸು. ಕೊಟ್ಟು ನಡಸು."

ರೂಪಾ ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ತುಟಿ ಬಿಳಿಚಿತ್ತು. ಬಲಗೈ ಎದೆಯ ಮೇಲೆ ಆಡುತ್ತ ಅಲ್ಲಿ ಏನನ್ನೋ ಹುಡುಕಿ, ಸಿಗದೆ, ಮತ್ತೆ ಹುಡುಕುತ್ತಿತ್ತು. ಪಕ್ಕದಲ್ಲೇ ನೀರಿನ ಬಾಟಲಿ. ಆಕೆ ಅದರ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು. ಆಮೇಲೆ ಕೇಳಲಿಲ್ಲ.

ಸಿಡ್ಕೊ ಬಡಾವಣೆಯ ಮನೆ ಮುಟ್ಟಿದಾಗ ಮಾವ ಶಿವರಾಯ ಧೋತರ ಮೇಲೆ ಕಟ್ಟಿ ಮಾಳಿಗೆಯ ಮೆಟ್ಟಿಲ ಮೇಲೆ ಡ್ರಮ್ಮು ತುಂಬಿಸುತ್ತಿದ್ದ. ಎಂಟು ದಿನಕ್ಕೊಮ್ಮೆ ಬರುವ ನೀರು ಅವತ್ತೇ ಬಂದಿತ್ತು. ಅದಕ್ಕೇ ಆತ ದವಾಖಾನೆಗೆ ಬಂದಿರಲಿಲ್ಲ. ಅತ್ತೆಯನ್ನು ಮಂಚದ ಮೇಲೆ ಮಲಗಿಸಿ, ‘ಕೈ ತೊಳಕೊಂಡು ಬಂದೆರಿ’ ಎಂದು ರೂಪಾ ಮೆಟ್ಟಿಲು ಹತ್ತಿದಳು. ಕರಡಿಗೆಯನ್ನು ತೆರೆದು ಮಾವನ ಮುಂದೆ ಹಿಡಿದಳು.

"ನಂದೇ ತಪ್ಪರಿ ಮಾವಾ. ಕಾರಿನ್ಯಾಗ ಇಟ್ಟಿದ್ದೆ."

ಶಿವರಾಯ ನೋಡಿದ. ಕೈಯಲ್ಲಿದ್ದ ಪೈಪು ಜಾರಿ ಮೆಟ್ಟಿಲ ಮೇಲೆಲ್ಲ ನೀರು ಹರಿಯಿತು. ಈ ಊರಲ್ಲಿ ಒಂದು ಬಕೆಟ್ಟು ನೀರು ಚೆಲ್ಲಿದರೆ ಇಡೀ ದಿನ ವಟಗುಟ್ಟುವ ಮನುಷ್ಯ, ಪೈಪಿನ ಕಡೆ ತಿರುಗಿಯೂ ನೋಡಲಿಲ್ಲ. ಬೈಯುತ್ತಾನೆ ಎಂದು ರೂಪಾ ಕಾದಳು. ಅವನು ಕೇಳಿದ್ದು ಬೇರೆ.

"ಆಕಿ ನೋಡ್ಯಾಳೇನು?"

"ಇಲ್ರಿ."

"ಹಾಂ," ಎಂದು ಉಸಿರು ಬಿಟ್ಟು ಆ ಹರಿವ ನೀರಲ್ಲೇ ಕೂತುಬಿಟ್ಟ.

"ಮಾವಾ, ಬಿಸಿಲಿಗಿ ಲಿಂಗ ಕರಗತದೇನ್ರಿ?"

"ಖರೇ ಲಿಂಗ ಬೆಂಕ್ಯಾಗ ಹಾಕಿದ್ರೂ ಇಷ್ಟು ಕರಗಂಗಿಲ್ಲ. ಇದು ಮೇಣ. ನಾನೇ ಮಾಡಿದ್ದು."

ರೂಪಾಗೆ ತಾನು ಕೇಳಿದ್ದು ತನಗೇ ಅರ್ಥವಾಗಲಿಲ್ಲ. ಶಿವರಾಯ ನೆಲ ನೋಡುತ್ತ, ಕಳವಿನ ಮಾಲು ಒಪ್ಪಿಸುವವನಂತೆ, ಒಂದೊಂದೇ ಮಾತು ಹೊರಗೆ ಹಾಕಿದ. ಮದುವೆಯಾದ ಎರಡನೇ ವರ್ಷ. ಭಾಲ್ಕಿಯ ಹತ್ತಿರ ಮಾಂಜ್ರಾ ನದಿಯಲ್ಲಿ ಬಟ್ಟೆ ಒಗೆಯಲು ಹೋದಾಗ ಶಾಂತಾಬಾಯಿಯ ಕೊರಳ ದಾರ ಹರಿದು, ಆಗಿನ್ನೂ ಕರಡಿಗೆಯಿಲ್ಲದೆ ಬರೀ ವಸ್ತ್ರದಲ್ಲಿ ಸುತ್ತಿದ್ದ ಲಿಂಗ ನೀರು ಪಾಲಾಗಿತ್ತು. ಬಂದವಳೇ ದನದ ಕೊಟ್ಟಿಗೆಯ ಮೂಲೆಯಲ್ಲಿ ಕೂತಳು. ಅನ್ನವಿಲ್ಲ, ನೀರಿಲ್ಲ. ಲಿಂಗ ಕಟ್ಟಿದ್ದ ಸ್ವಾಮಿಗಳು ಶ್ರೀಶೈಲಕ್ಕೆ ಹೋಗಿದ್ದರು, ಬರಲು ಹದಿನೈದು ದಿನ. ಶಿವರಾಯನ ತಾಯಿ ಬಾಗಿಲಲ್ಲಿ ನಿಂತು, ‘ಲಿಂಗ ಹೋದ ಹೆಣ್ಣು ಸತ್ತಾಂಗೇ. ಆಕಿ ಸಾಯಾದು ಸಾಯ್ತಾಳ, ಧರ್ಮದಂಗ ಸಾಯಲಿ’ ಎಂದಿದ್ದಳು. ಶಿವರಾಯ ಮೂರು ದಿನ ನದಿಯಲ್ಲಿ ಮುಳುಗಿ ಮುಳುಗಿ ಹುಡುಕಿದ. ಮೂರನೇ ದಿನ ಸಂಜೆ ನದಿಯ ತಳದಿಂದ ಕೈಗೆ ಬಂದ ಒಂದು ಕಲ್ಲು ಇಟ್ಟುಕೊಂಡು, ಅಂಗಡಿಯಿಂದ ಮೇಣಬತ್ತಿ ತಂದು, ದೀಪದ ಕಾಡಿಗೆ ಕಲಸಿ, ಉರುಟು ಮಾಡಿ, ಎಣ್ಣೆ ಸವರಿ ಹೊಳಪು ಕೊಟ್ಟು ತಂದು ಹೆಂಡತಿಯ ಕೈಯಲ್ಲಿಟ್ಟು ‘ಸಿಕ್ತು’ ಅಂದಿದ್ದ. ನದಿ ಹೊಕ್ಕು ಬಂದ ಲಿಂಗ ಯಾರಿಗೂ ತೋರಿಸಬಾರದು ಎಂದು ತಾನೇ ಒಂದು ಕಟ್ಟಳೆ ಹುಟ್ಟಿಸಿ ಹೇಳಿದ್ದ. ತನ್ನ ಲಿಂಗವನ್ನು ಇನ್ನೊಬ್ಬರಿಗೆ ತೋರಿಸುವ ರೂಢಿ ಮೊದಲೇ ಇಲ್ಲ. ಹಾಗಾಗಿ ನಲವತ್ತೊಂದು ವರ್ಷ ನಡೆದುಹೋಯಿತು.

"ಸ್ವಾಮೇರು ಬಂದ ಮ್ಯಾಲಾದ್ರೂ ಹೇಳಬೇಕಿತ್ತಲ್ಲರಿ."

"ಹೇಳಾಕ ಹೋದೆ. ಆಕಿ ಅದರ ಮುಂದ ಕುಂತು ನಗಲತ್ತಿದ್ಳು. ಬಾಯಿ ಬರಲಿಲ್ಲ." ಆಮೇಲೆ ದನಿ ತಗ್ಗಿಸಿದ. "ಕೆಳಗಿನ ಅಂಗಡಿಗಿ ಹೋಗಿ ಎರಡು ಮೇಣಬತ್ತಿ ತಗೊಂಬಾ. ಲಗೂನ."

"ಮತ್ತ ಸುಳ್ಳು ಹೇಳಾದೇನ್ರಿ?"

"ಹೊಸಾ ಸುಳ್ಳಲ್ಲವಾ. ಹಳೇದೇ ತೂತು ಬಿದ್ದದ, ಮುಚ್ಚಾದು. ಆಕಿ ಬಾಯಿ ನೋಡಿದಿಲ್ಲ? ಲಿಂಗ ಇಳಿಸಿದಾಗಿಂದ ನೀರಿಲ್ಲ. ನ್ಯಾಯ ಮಾಡ್ಲಕ ಇದು ಹೊತ್ತೇನು?"

ರೂಪಾ ಕರಡಿಗೆಯನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ಬಾಗಿಲ ಮೊಳೆಗೆ ತಗುಲಿಸಿ ಅಂಗಡಿಗೆ ಓಡಿದಳು. ಅಂಗಡಿಯವನ ಹತ್ತಿರ ಸಾದಾ ಮೇಣಬತ್ತಿ ಇರಲಿಲ್ಲ. ಹುಟ್ಟುಹಬ್ಬದ ಕೇಕಿಗೆ ಚುಚ್ಚುವ ಗುಲಾಬಿ, ಹಳದಿ ಬತ್ತಿಗಳ ಒಂದು ಪಾಕೀಟು ಕೊಟ್ಟು, "ಕುಣಾಚಾ ವಾಢದಿವಸ್, ತಾಯಿ?" ಎಂದು ಯಾರ ಹುಟ್ಟುಹಬ್ಬವೆಂದು ವಿಚಾರಿಸಿದ. ಅವಳಿಗೆ ಅಳು ಬಂತು.

ತಿರುಗಿ ಬಂದಾಗ ಬ್ಯಾಗು ಮೊಳೆಯಲ್ಲಿ ಇರಲಿಲ್ಲ.

ಶಾಂತಾಬಾಯಿ ನೆಲದ ಮೇಲೆ ಕೂತಿದ್ದಳು. ಮುಂದೆ ತೆರೆದ ಕರಡಿಗೆ, ಬಿಡಿಸಿದ ವಸ್ತ್ರ. ಎಡಗೈಯಲ್ಲಿ ಆ ಕಂದು ಕಲ್ಲು. ಬಲಗೈಯ ಬೆರಳುಗಳೆಲ್ಲ ಕಪ್ಪು. ಶಿವರಾಯ ಗೋಡೆಗೆ ಒತ್ತಿ ನಿಂತಿದ್ದ, ಒದ್ದೆ ಧೋತರದಿಂದ ನೀರು ಇಳಿಯುತ್ತಿತ್ತು. ರೂಪಾ ಕೈಯಲ್ಲಿ ಬಣ್ಣದ ಬತ್ತಿಗಳ ಪಾಕೀಟು ಹಿಡಿದು ಹೊಸ್ತಿಲಲ್ಲೇ ನಿಂತಳು. ಅತ್ತೆ ಆ ಪಾಕೀಟನ್ನು ನೋಡಿದಳು. ಬೆರಳು ಮೂಗಿಗೆ ಹಿಡಿದು ಮೂಸಿದಳು. ಗಂಡನನ್ನು ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ.

"ಆವತ್ತೇ ಹಗುರ ಅನಸಿತ್ತು," ಎಂದಳು ನಿಧಾನಕ್ಕೆ. "ನೀರಾಗ ತೊಳದು ತೊಳದು ಹಗುರ ಆಗೇದ ಅಂದ್ಕೊಂಡೆ. ಎಂಥಾ ಹುಚ್ಚಿ ನಾ."

"ಶಾಂತಾ, ನೀ ಸಾಯ್ತಿದ್ದಿ."

"ಸಾಯಾಕ ಬಿಡಬೇಕಿತ್ತು!" ಆಕೆಯ ಕೂಗಿಗೆ ಪಾಕೀಟು ರೂಪಾಳ ಕೈಯಿಂದ ಬಿತ್ತು. ಈ ಮನೆಯಲ್ಲಿ ಆಕೆ ದನಿ ಎತ್ತಿದ್ದನ್ನು ಅವಳು ಕೇಳಿರಲಿಲ್ಲ. "ಹೊಟ್ಟ್ಯಾಗಿನವು ಎರಡು ಹೋದಾಗ ಇದರ ಮುಂದ ಅತ್ತೀನಿ. ಅಮರಗ ಕಾಮಣಿ ಬ್ಯಾನಿ ಆಗಿ ಕಣ್ಣು ತೇಲಿಸಿದಾಗ ಮೂರು ದಿನ ಇದನ್ನ ಕೈಯಾಗಿಂದ ಇಳಿಸಿಲ್ಲ. ನಿಮ್ಮ ಮಿಲ್ಲು ಮುಚ್ಚಿದಾಗ, ಈ ಹುಡುಗಿಗಿ ಆಪರೇಶನ್ ಆದಾಗ, ಎಲ್ಲಾ ಇದಕ್ಕ ಹೇಳೀನಿ. ಅಂಗಡ್ಯಾಗಿನ ಮೇಣಬತ್ತಿಗಿ! ಯಾರು ಕೇಳಿದ್ರು ಅದನ್ನೆಲ್ಲ? ಹೇಳ್ರಿ. ಯಾರು ಕೇಳಿದ್ರು?"

ರೂಪಾಗೆ ಆ ಆಪರೇಶನ್ ನೆನಪಾಯಿತು. ನಾಲ್ಕು ವರ್ಷದ ಹಿಂದೆ, ನಾಶಿಕದಲ್ಲಿ, ಅಪೆಂಡಿಕ್ಸ್ ಒಡೆದು ವಿಷವೇರಿ ಎರಡು ದಿನ ಎಚ್ಚರವಿರಲಿಲ್ಲ. ಅತ್ತೆ ಆ ಎರಡು ದಿನ ಏನು ಮಾಡುತ್ತಿದ್ದಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಶಾಂತಾಬಾಯಿ ಕಲ್ಲನ್ನು ಕರಡಿಗೆಯೊಳಗೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಲಿಂಬೆಹಣ್ಣಿನ ಶರಬತ್ತು ಬಂತು, ಹಾಗೇ ಇತ್ತು. ಮಜ್ಜಿಗೆ ಬಂತು, ತಿಳಿ ಬಿಟ್ಟಿತು. ರೂಪಾ ಕಾಲು ಹಿಡಿದಳು. "ನಿಂದೇನೂ ತಪ್ಪಿಲ್ಲ, ಸರಿ ಆಕಡಿ," ಎಂದು ಆಕೆ ಕಾಲು ಎಳೆದುಕೊಂಡಳು. ಆ ಮಾತು ಹೊಡೆದದ್ದಕ್ಕಿಂತ ಹೆಚ್ಚು ನೋಯಿಸಿತು. ತಪ್ಪು ತನ್ನದಾಗಿದ್ದರೆ ಕ್ಷಮೆಯಾದರೂ ಕೇಳಬಹುದಿತ್ತು.

ಅಮರನಿಗೆ ಫೋನು ಹಚ್ಚಿದರು. ಫ್ಯಾಕ್ಟರಿಯ ಗದ್ದಲದ ನಡುವೆ ಅವನು ಅರ್ಧ ಕೇಳಿ ಅರ್ಧ ಬಿಟ್ಟು, "ಅವ್ವಾ, ಟೆನ್ಶನ್ ಘೇವು ನಕೋ, ಚಿಂತಿ ಬಿಡು. ಆನ್‌ಲೈನ್ ಸಿಗ್ತದ, ಓರಿಜಿನಲ್, ಸರ್ಟಿಫಿಕೇಟ್ ಸಮೇತ. ನಾಳೆ ಡಿಲಿವರಿ," ಎಂದ.

"ನಿನ್ನ ಅವ್ವನ್ನೂ ಆನ್‌ಲೈನ್ ತರ್ಸು," ಎಂದಳು ಶಾಂತಾಬಾಯಿ, ಗೋಡೆಗೆ. ಅಷ್ಟೇ.

ಸಂಜೆ ಕೆಳಗಿನ ಮನೆಯಿಂದ ಮಾಲೀಕ ಚಂದ್ರಾಮಪ್ಪ ಬಂದ. ಬಸವಕಲ್ಯಾಣದವ, ಮೂವತ್ತು ವರ್ಷದಿಂದ ಇಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಮೆಟ್ಟಿಲ ಮೇಲೆ ಹರಿದ ನೀರಿನ ಬಗ್ಗೆ ಜಗಳಕ್ಕೆಂದೇ ಬಂದವನು ವಿಷಯ ಕೇಳಿ ತಣ್ಣಗಾದ. "ಅಕ್ಕಾರ, ಇಲ್ಲೇ ನಮ್ಮ ಮಠ ಅದ. ಮುಂಜಾನಿ ಎಂಟಕ್ಕ ನನ್ನ ಗಾಡ್ಯಾಗ ಕರಕೊಂಡು ಹೋಗ್ತೀನಿ. ಸ್ವಾಮೇರು ವಿಧಿಪ್ರಕಾರ ಲಿಂಗ ಕಟ್ತಾರ. ಅಲ್ಲೀ ಮಟಾ ಒಂದು ಗುಟುಕು ನೀರು ಕುಡದ್ರ ಶಿವ ಏನೂ ಅನ್ನಂಗಿಲ್ರಿ."

"ಶಿವ ಏನಂತಾನ ಅನ್ನಾದು ನಿಮಗ ಹ್ಯಾಂಗ ಗೊತ್ತರಿ?" ಎಂದಳು ಆಕೆ. ಚಂದ್ರಾಮಪ್ಪ ಇಳಿದುಹೋದ.

ಕತ್ತಲಾಗುವ ಹೊತ್ತಿಗೆ ರೂಪಾ ಅಡಿಗೆಮನೆಗೆ ಹೋದರೆ, ಫ್ರಿಜ್ಜಿನ ಮರೆಯಲ್ಲಿ ನಿಂತು ಮಾವ ಗಟಗಟ ನೀರು ಕುಡಿಯುತ್ತಿದ್ದ. ಅವಳನ್ನು ಕಂಡು ಚೊಂಬು ಹಿಂದೆ ಮುಚ್ಚಿಟ್ಟುಕೊಂಡ.

"ಆವಾಗ ಮೂರು ದಿನ ನೀವೂ ಉಂಡಿರ್ಲಿಲ್ಲೇನ್ರಿ?" ಎಂದಳು.

"ಉಂಡಿರ್ಲಿಲ್ಲ."

"ಆಕಿ ಸಲುವಾಗಿ?"

"ಸುಡಗಾಡ! ನೀರಾಗ ಇದ್ದಾಂವಗ ಯಾರು ರೊಟ್ಟಿ ತಂದು ಕೊಡ್ತಾರ? ನಮ್ಮವ್ವ ಅಂತೂ ಕೊಡ್ತಿರ್ಲಿಲ್ಲ." ಅಂಗೈಯಿಂದ ಬಾಯಿ ಒರೆಸಿಕೊಂಡ. "ಆಕಿ ಸತ್ರ ನಾ ಏನು ಮಾಡ್ಲಿ ಅನ್ನಾದೊಂದೇ ತಲ್ಯಾಗಿತ್ತು. ಧರ್ಮ ಗಿರ್ಮ ಹೊಳೀಲಿಲ್ಲ."

ಆ ರಾತ್ರಿ ಹೇಗೆ ಕಳೆಯಿತೋ. ರೂಪಾ ಕೂತಲ್ಲೇ ತೂಕಡಿಸಿದಳು. ಬಕೆಟ್ಟಿನ ಸದ್ದಿಗೆ ಬೆಚ್ಚಿ ಎದ್ದಾಗ ಬೆಳಕು ಹರಿದಿತ್ತು, ಅತ್ತೆಯ ಹಾಸಿಗೆ ಖಾಲಿ. ಬಚ್ಚಲಿನಿಂದ ನೀರು ಹೊಯ್ದುಕೊಳ್ಳುವ ಸಪ್ಪಳ ಕೇಳಿಸಿತು. ದಿನದಂತೆ ಜಳಕ ನಡೆದಿತ್ತು.

ಶಾಂತಾಬಾಯಿ ಹೊರಗೆ ಬಂದಳು. ಒಗೆದ ಸೀರೆ, ಹಣೆಯ ತುಂಬ ವಿಭೂತಿ. ನಡಿಗೆ ಓಲಾಡುತ್ತಿತ್ತು; ರೂಪಾ ಹಿಡಿಯಲು ಹೋದರೆ ಬೇಡ ಎಂದು ಗೋಡೆ ಹಿಡಿದು ಬಂದು ಮಣೆಯ ಮೇಲೆ ಕೂತಳು. ಕರಡಿಗೆಯಿಂದ ಆ ಕಲ್ಲು ತೆಗೆದು ಮುಂದಿಟ್ಟಳು.

"ಅಮರನ ಅಪ್ಪಗ ಕರಿ."

ಶಿವರಾಯ ಬಂದು, ಕೋರ್ಟಿನಲ್ಲಿ ನಿಂತವನಂತೆ ನಿಂತ.

"ಕುಂದರ್ರಿ. ಮತ್ತ ಮಾಡ್ರಿ."

"ಏನು?"

"ಅದನ್ನೇ. ಆವತ್ತು ಮಾಡಿದಾಂಗ. ಆವತ್ತು ನನ್ನ ಹಿಂದ ಮಾಡಿದ್ರಿ. ಇವತ್ತು ನನ್ನ ಮುಂದ ಮಾಡ್ರಿ."

ರೂಪಾಗೆ ಆಕೆಯ ತಲೆ ಕೆಟ್ಟಿತೇನೋ ಅನ್ನಿಸಿತು. ನೀರಿಲ್ಲದೆ ಮಿದುಳಿಗೆ ಏನಾದರೂ ಆಗಿದೆಯೇ? "ಅತ್ತಿ, ಎಂಟಕ್ಕ ಚಂದ್ರಾಮಪ್ಪ ಕಾಕಾ ಬರ್ತಾರರಿ. ಮಠಕ್ಕ ಹೋಗೋಣ. ಅಲ್ಲಿ ಖರೇ ಲಿಂಗ..."

"ಖರೇದು ಗುರು ಕೊಟ್ಟಿದ್ರು, ನಾ ಕಳಕೊಂಡೆ," ಎಂದಳು ಶಾಂತಾಬಾಯಿ. ದನಿ ಒಣಗಿ ಕರಕರ ಅನ್ನುತ್ತಿತ್ತು, ಆದರೆ ಬುದ್ಧಿ ನೆಟ್ಟಗಿತ್ತು. "ಇದು ಕಳಕೊಂಡ ಮ್ಯಾಲ ಬಂದದ್ದು. ರಾತ್ರಿ ಎಲ್ಲಾ ಅದೇ ವಿಚಾರ ಮಾಡಿದೆ. ಎರಡು ಕೂಸು ಹೋದವು, ಖರೇ. ಅಮರ ಉಳದ, ನೀ ಉಳದಿ. ಕೊಟ್ಟಿದ್ದೂ ಕೇಳಿಸ್ಕೊಂಡಾಂವನೇ, ಕೊಡದೇ ಇದ್ದಿದ್ದೂ ಕೇಳಿಸ್ಕೊಂಡಾಂವನೇ. ನಲವತ್ತೊಂದು ವರ್ಷ ಯಾರೂ ಕೇಳಲಿಲ್ಲ ಅಂತ ನನಗ ಅನ್ನಸಿಲ್ಲ, ಒಂದಿನಾನೂ. ಅಂದ್ರ ಶಿವಗ ಲಿಂಗ ಬೇಕಾಗಿರ್ಲಿಲ್ಲ. ನನಗ ಬೇಕಾಗಿತ್ತು. ಅದಕ್ಕ ಇವರ ಕೈಲೆ ಮಾಡಿ ಕಳಸ್ಯಾನ, ಈ ದಡ್ಡರ ಕೈಲೆ." ಕಲ್ಲನ್ನು ಗಂಡನ ಕಡೆ ಸರಿಸಿದಳು. "ನನಗ ಈಗೂ ಬೇಕು. ಬಾಯಿ ಒಣಗೇದ. ಲಗೂ ಮಾಡ್ರಿ."

ಶಿವರಾಯ ಕೂತ. ರೂಪಾ ಗುಲಾಬಿ, ಹಳದಿ ಬತ್ತಿಗಳನ್ನು ಸ್ಟೀಲ್ ಸೌಟಿನಲ್ಲಿ ಹಾಕಿ ಗ್ಯಾಸಿನ ಮೇಲೆ ಹಿಡಿದಳು. ಏನು ಮಾಡುತ್ತಿದ್ದೇನೆಂದು ಅವಳಿಗೇ ನಂಬಿಕೆ ಬರುತ್ತಿರಲಿಲ್ಲ. ಬಣ್ಣಗಳು ಸೇರಿ ಕೊಳಕು ಕಿತ್ತಳೆಯಾದವು. ಎಣ್ಣೆದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಇಳಿಸಿದರು. ಅದನ್ನು ಕೂಡಿಸಿದ ಮೇಲೆ ಕಿತ್ತಳೆ ಮಾಯವಾಗಿ ಕಪ್ಪಾಯಿತು. ಶಿವರಾಯ ಉಗುರುಬೆಚ್ಚಗಿನ ಮೇಣವನ್ನು ಕಲ್ಲಿಗೆ ಮೆತ್ತತೊಡಗಿದ. ಒಂದು ಬದಿ ಉಬ್ಬಿತು, ಇನ್ನೊಂದು ಬದಿಯಲ್ಲಿ ಕಲ್ಲು ಕಂಡಿತು.

"ಆ ಕಡಿ ತೆಳ್ಳಗ ಆಗೇದ," ಎಂದಳು ಹೆಂಡತಿ.

"ಗೊತ್ತದ ನನಗ."

"ಗೊತ್ತಿದ್ರ ಹಚ್ರಿ."

"ಆವಾಗ ವಯಸ್ಸಿತ್ತು. ಕಣ್ಣೂ ಕಾಣ್ತಿತ್ತು."

"ಆವಾಗ ಸುಳ್ಳು ಹೇಳಾಕ ಹೊಂಟಿದ್ರಿ, ಅದಕ್ಕ ಚಂದ ಮಾಡಿದ್ರಿ."

ಶಿವರಾ­ಯ ಮೂಗಿನಲ್ಲೇ ಒಂದು ಸದ್ದು ಮಾಡಿದ. ಅದು ನಗುವೋ ಅಳುವೋ ರೂಪಾಗೆ ತಿಳಿಯಲಿಲ್ಲ. ಅವನ ಕಣ್ಣಿಂದ ಬಿದ್ದದ್ದು ಮೇಣದ ಮೇಲೆ ಬಿತ್ತು, ಅದನ್ನೂ ಬೆರಳಿನಿಂದ ಸವರಿ ಒಳಗೇ ಸೇರಿಸಿದ. ನೀರಲ್ಲಿ ಅದ್ದಿ, ಎಣ್ಣೆ ಹಚ್ಚಿ, ತನ್ನ ಧೋತರದ ತುದಿಯಲ್ಲಿ ಉಜ್ಜಿದ. ಸೊಟ್ಟಗಿತ್ತು. ಹೊಳಪು ಅಷ್ಟಕ್ಕಷ್ಟೇ. ಅದನ್ನು ಹಿಡಿದುಕೊಂಡು, ಕೊಡಲೋ ಬೇಡವೋ ಎಂದು ಹೆಂಡತಿಯ ಮುಖ ನೋಡಿದ.

ಆಕೆ ಎಡಗೈ ಚಾಚಿದಳು. ಅವನು ಇಟ್ಟ.

ಶಾಂತಾಬಾಯಿ ವಿಭೂತಿ ಹಚ್ಚಿದಳು. ಕಣ್ಣು ಮುಚ್ಚಲಿಲ್ಲ, ಅಂಗೈಯನ್ನೇ ನೋಡುತ್ತ ತುಟಿ ಆಡಿಸಿದಳು. ಗ್ಯಾಸಿನ ವಾಸನೆ, ಮೇಣದ ವಾಸನೆ, ಸುಟ್ಟ ಬತ್ತಿಯ ವಾಸನೆ. ಕೆಳಗೆ ಚಂದ್ರಾಮಪ್ಪ ಗಾಡಿ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದ. ರೂಪಾ ನೀರಿನ ಚೊಂಬು ಹಿಡಿದು ನಿಂತಿದ್ದಳು. ಎಂ.ಕಾಂ. ಓದಿದವಳು, ಬ್ಯಾಂಕಿನಲ್ಲಿ ಖೊಟ್ಟಿ ಸಹಿ, ಖೊಟ್ಟಿ ನೋಟು ಹಿಡಿದು ಶಾಬಾಸ್ ಅನ್ನಿಸಿಕೊಂಡವಳು. ಆದರೆ ಆ ಸೊಟ್ಟ ಮೇಣದ ಮುದ್ದೆಯ ಮುಂದೆ, ಇದು ಖೊಟ್ಟಿ ಎಂದು ಹೇಳಲು ಅವಳ ನಾಲಿಗೆ ಏಳಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಆಘಾತವಾಗಿತ್ತು.

ಪೂಜೆ ಮುಗಿಸಿ ಶಾಂತಾಬಾಯಿ ಲಿಂಗವನ್ನು ಹೊಸ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಚೊಂಬು ಇಸಕೊಂಡು, ಮೇಲೆತ್ತಿ, ನಿಲ್ಲಿಸದೆ ಕುಡಿದಳು. ಗದ್ದದಿಂದ ನೀರಿಳಿದು ಸೆರಗು ತೋಯಿತು. ಖಾಲಿ ಚೊಂಬನ್ನು ನೆಲಕ್ಕಿಟ್ಟು, ಸೊಸೆಯ ಮುಖ ನೋಡಿದಳು.

"ಹೆಣಾ ಕಂಡಾಂಗ ಯಾಕ ನೋಡ್ಲತ್ತಿ? ನಡಿ, ರೊಟ್ಟಿಗಿ ಹಂಚು ಇಡು. ಹಸದೀನಿ."